ಹನ್ನೆರಡನೇ ರೀಲು

೧೯೭೮ರ ಡೈರಿಯ ಕೊನೆಯ ಆರು ಪುಟಗಳನ್ನು ನಾನು ಸಿನಿಮಾಗಳಿಗೆಂದು ಬೇರೆ ಇಟ್ಟಿದ್ದೆ. ಸ್ಕೇಲಿನಿಂದ ಗೆರೆ ಎಳೆದ ಕಾಲಂಗಳು: ತಾರೀಖು, ಊರು, ಹಾಡು, ಹೊಡೆದಾಟ, ಸತ್ತವರು, ರೀಲು. ಆಗ ನನಗೆ ಹದಿನೈದು ವರ್ಷ. ಅಕ್ಟೋಬರ್ ೧೪, ಶನಿವಾರದ ಸಾಲು ಹೀಗಿದೆ: ಚನ್ನಗಿರಿ, ಹಾಡು ಐದು, ಹೊಡೆದಾಟ ಏಳು, ಸತ್ತವರು ನಾಲ್ಕು, ರೀಲು ಹದಿನಾರು. ಅದರ ಕೆಳಗೆ ಅದೇ ಸಿನಿಮಾಕ್ಕೆ ಇನ್ನೂ ಮೂರು ಸಾಲುಗಳಿವೆ, ಮೂರೂ ಹೊನ್ನಾಳಿಯವು. ಹಾಡು ಐದೇ, ಹೊಡೆದಾಟ ಏಳೇ, ಸತ್ತವರು ನಾಲ್ಕೇ. ರೀಲು ಮಾತ್ರ ಹದಿನೈದು. ಆ ಒಂದು ರೀಲಿನ ವ್ಯತ್ಯಾಸದಿಂದ ನನ್ನ ಅಕ್ಕನ ಬದುಕು ಹಾಳಾಯಿತು. ಇನ್ನೂ ಸರಿಯಾಗಿ ಬರೆಯಬೇಕೆಂದರೆ, ಹಾಳು ಮಾಡಿದ್ದು ನಾನು.

ಅಪ್ಪನಿಗೆ ಹೊನ್ನಾಳಿಯಲ್ಲಿ ಒಂದು ಸಣ್ಣ ಪ್ರೆಸ್ಸಿತ್ತು, ಈಗಲೂ ಇದೆ. ಕಾಲಿನಿಂದ ತುಳಿಯುವ ಒಂದು ಮೆಷಿನ್ನು, ಅಚ್ಚಿನ ಮೊಳೆಗಳನ್ನಿಡುವ ಮರದ ಕೇಸುಗಳು, ಮೂಲೆಯಲ್ಲಿ ಮಸಿ ಡಬ್ಬಿ. ಲಗ್ನಪತ್ರಿಕೆಗಳ ಕಾಲ ಬಿಟ್ಟರೆ ವರ್ಷವಿಡೀ ಕೈಹಿಡಿಯುತ್ತಿದ್ದದ್ದು ಟೆಂಟ್ ಟಾಕೀಸಿನ ಹ್ಯಾಂಡ್‌ಬಿಲ್ಲು. ಹೊನ್ನಾಳಿಯ ಟೆಂಟು, ನ್ಯಾಮತಿಯ ಟೆಂಟು ಎರಡೂ ಒಬ್ಬನೇ ಸಾಹುಕಾರನವು. ಮರ ಕೊಯ್ಯುವ ಸಾಮಿಲ್ಲೂ ಅವನದೇ. ಏಳನೇ ಕ್ಲಾಸಿನಿಂದ ಪ್ರೂಫ್ ನೋಡುವ ಕೆಲಸ ನನ್ನದಾಗಿತ್ತು. ಪ್ರೂಫಿನ ಮೂಲೆಯಲ್ಲಿ ನನ್ನ ಸಹಿ ಬೀಳುವವರೆಗೆ ಅಪ್ಪ ಮೆಷಿನ್ನಿನ ಮೇಲೆ ಕಾಲಿಡುತ್ತಿರಲಿಲ್ಲ. "ನಮ್ಮ ಪ್ರೆಸ್ಸಿನಾಗೆ ಸುಳ್ಳು ಅಚ್ಚಾಗಲ್ಲ ನೋಡ್ರಿ, ನಮ್ಮ ಹುಡುಗಿ ಬಿಡಂಗಿಲ್ಲ" ಎಂದು ಬಂದವರಿಗೆಲ್ಲ ಹೇಳುವುದು ಅಪ್ಪನ ರೂಢಿ. ಆ ಮಾತು ಕೇಳಿಸುವ ಹಾಗೆ ನಾನು ಅಲ್ಲೇ ಎಲ್ಲಾದರೂ ಕೂತಿರುತ್ತಿದ್ದೆ.

ಹ್ಯಾಂಡ್‌ಬಿಲ್ಲಿನ ಕಟ್ಟು ಒಯ್ಯಲು ಮಂಗಳವಾರ ಬರುತ್ತಿದ್ದವನು ಪೆಟ್ಟಿಗೆಯವನು. ಸಿನಿಮಾ ರೀಲುಗಳ ಕಬ್ಬಿಣದ ಪೆಟ್ಟಿಗೆಯನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಊರಿಂದೂರಿಗೆ ಸಾಗಿಸುವುದು ಅವನ ಕೆಲಸ. ಬಸವಾಪಟ್ಟಣದ ಕಡೆಯವನು, ಇಪ್ಪತ್ಮೂರು ವರ್ಷದವನು. ನಾನು ಕೇಳಿ ಬರೆದುಕೊಂಡಿದ್ದೆ. ಅವನ ಅಂಗಿಯಿಂದ ಹರಿದ ಫಿಲ್ಮು ಅಂಟಿಸುವ ದ್ರಾವಣದ ಘಾಟು ಬರುತ್ತಿತ್ತು, ಅದರಡಿಗೆ ತೆಳ್ಳಗೆ ಗಂಧದ ವಾಸನೆ. ಗಂಧದ ಸೋಪು ಹಚ್ಚುವ ಷೋಕಿಲಾಲ ಎಂದುಕೊಂಡಿದ್ದೆ.

"ಏನ್ರೀ ಶಾನುಭೋಗರೇ, ಈ ವಾರದ ಪಿಚ್ಚರ್‌ನಾಗೆ ಎಷ್ಟು ಜನ ಸತ್ರು?" ಎಂದು ಬಾಗಿಲಲ್ಲೇ ಕೇಳುತ್ತಿದ್ದ.

"ನಾಲ್ಕು."

"ನಾನು ಐದು ಅಂದ್ಕಂಡಿದ್ದೆ."

"ಐದನೇದು ನಾಯಿ. ನಾಯಿ ಲೆಕ್ಕಕ್ಕಿಲ್ಲ."

"ಅಯ್ಯೋ ಪಾಪ, ನಾಯಿಗೆ ಜೀವ ಇರಲಿಲ್ಲೇನ್ರಿ?"

ಒಳಗಿನ ಬಾಗಿಲಲ್ಲಿ ಹ್ಯಾಂಡ್‌ಬಿಲ್ಲು ಎಣಿಸಿ ನೂರರ ಕಟ್ಟು ಮಾಡುತ್ತಿದ್ದ ಅಕ್ಕ ಕಿಸಕ್ಕನೆ ನಗುತ್ತಿದ್ದಳು. ಅವಳಿಗೆ ಆಗ ಇಪ್ಪತ್ತು. ಅವನು ಬಂದ ದಿನ ಅವಳ ಕಟ್ಟುಗಳಲ್ಲಿ ತೊಂಬತ್ತೆಂಟೋ ನೂರಾಮೂರೋ ಹಾಳೆ ಇರುತ್ತಿದ್ದವು. ಆಮೇಲೆ ಎಣಿಸಿ ನೋಡಿದ ನನಗೆ ವಿಷಯ ತಿಳಿದದ್ದು ಹಾಗೆ. ಕೇಳಿದಾಗ ಅಕ್ಕ ನನ್ನ ಕೈ ಹಿಡಿದು, "ಡೈರ್ಯಾಗೆ ನನ್ನ ಸುದ್ದಿ ಒಂದಕ್ಷರ ಬರೀಬ್ಯಾಡ, ನನ್ನಾಣೆ" ಎಂದಳು. ನಾನು ಆ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿದೆ. ೧೯೭೮ರ ಡೈರಿಯಲ್ಲಿ ಅವರಿಬ್ಬರ ಬಗ್ಗೆ ಒಂದು ಚುಕ್ಕೆಯೂ ಇಲ್ಲ.

ಆ ಸಿನಿಮಾವನ್ನು ನಾನು ಮೊದಲು ನೋಡಿದ್ದು ದಸರಾ ರಜೆಯಲ್ಲಿ, ಚನ್ನಗಿರಿಯ ಸೋದರಮಾವನ ಮನೆಗೆ ಹೋಗಿದ್ದಾಗ. ಅಲ್ಲಿದ್ದದ್ದು ಗೋಡೆ ಕಟ್ಟಿದ ಪಕ್ಕಾ ಟಾಕೀಸು. ಬೊಂಬಾಯಿಯ ಕಳ್ಳಸಾಗಣೆದಾರನೊಬ್ಬನ ಕಾರು ಓಡಿಸುವ ಹುಡುಗ, ಸಿಗ್ನಲ್ಲಿನಲ್ಲಿ ಹೂವು ಮಾರುವ ಹುಡುಗಿ. ಇಬ್ಬರೂ ಓಡಿಹೋಗಬೇಕೆನ್ನುವಾಗ ಧಣಿ ಹುಡುಗನನ್ನು ಗೋಡೌನಿನಲ್ಲಿ ಕೂಡಿಹಾಕುತ್ತಾನೆ. ಹನ್ನೆರಡನೇ ರೀಲಿನಲ್ಲಿ ಹುಡುಗಿ ಒಬ್ಬಳೇ ಧಣಿಯ ಬಂಗಲೆಗೆ ಹೋಗಿ ಅವನ ಮುದಿ ತಾಯಿಯ ಕಾಲು ಹಿಡಿಯುತ್ತಾಳೆ. ತಾಯಿ ಮಗನ ತಲೆದಿಂಬಿನಡಿಯಿಂದ ಗೋಡೌನಿನ ಕೀಲಿ ತೆಗೆದು ಕೊಡುತ್ತಾಳೆ. ಆ ರೀಲಿನಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ಇಬ್ಬರು ಹೆಂಗಸರ ಮಾತು, ಅಷ್ಟೆ. ಹದಿಮೂರರಲ್ಲಿ ಇಬ್ಬರೂ ರೈಲಿನಲ್ಲಿರುತ್ತಾರೆ. ಕೊನೆಗೆ ಹುಡುಗ ತಾನಾಗಿ ಪೊಲೀಸರಿಗೆ ಶರಣಾಗುತ್ತಾನೆ. ಮೂರು ವರ್ಷ ಕಳೆದು ಜೈಲಿನ ಬಾಗಿಲು ತೆರೆದಾಗ ಅವಳು ಹೂವಿನ ಬುಟ್ಟಿ ಹಿಡಿದು ನಿಂತಿರುತ್ತಾಳೆ.

ಅದೇ ಪ್ರಿಂಟು ನವೆಂಬರ್ ೧೭, ಶುಕ್ರವಾರ ಹೊನ್ನಾಳಿಯ ಟೆಂಟಿಗೆ ಬಂತು. ಪ್ರೆಸ್ಸಿನವರೆಂದು ನಮಗೆ ಪಾಸು. ಸಂಜೆಯ ಮೊದಲ ಆಟಕ್ಕೆ ಅಕ್ಕ, ನಾನು ಹೋದೆವು. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಬಿದಿರಿನ ತಟ್ಟಿ. ಅಕ್ಕ ಯಾವಾಗಲೂ ತಟ್ಟಿಯ ಪಕ್ಕ ಕೂರುವಳು. ಟೆಂಟಿನಲ್ಲಿ ಪ್ರೊಜೆಕ್ಟರ್ ಒಂದೇ, ಹಾಗಾಗಿ ಪ್ರತಿ ರೀಲು ಮುಗಿದಾಗಲೂ ಆಟ ನಿಂತು ದೀಪ ಹತ್ತುತ್ತಿತ್ತು. ಆಗ ಪೆಟ್ಟಿಗೆಯವನು ಬೆಂಚುಗಳ ಸಾಲು ನೋಡುವವನಂತೆ ತಟ್ಟಿಯ ಆಚೆ ಒಂದು ಸುತ್ತು ಬರುತ್ತಿದ್ದ. ಅಕ್ಕ ಅವನನ್ನು ಕಾಯುತ್ತಿದ್ದಳು, ನಾನು ರೀಲು ಎಣಿಸುತ್ತಿದ್ದೆ.

ಹನ್ನೊಂದು ಮುಗಿದು ದೀಪ ಹತ್ತಿ ಆರಿತು. ಗೋಡೌನಿನಲ್ಲಿ ಕಟ್ಟಿಹಾಕಿದ್ದ ಹುಡುಗ ಮರುಕ್ಷಣ ರೈಲಿನ ಕಿಟಕಿಯ ಬಳಿ ಕೂತು ಕಡಲೆಕಾಯಿ ತಿನ್ನುತ್ತಿದ್ದ.

"ಏಯ್, ಹಗ್ಗ ಬಿಚ್ಚಿದ್ ಯಾರಲೇ?" ಎಂದು ನೆಲದ ಮೇಲೆ ಕೂತವನೊಬ್ಬ ಕೂಗಿದ.

"ನಿಮ್ಮಪ್ಪ ಬಿಚ್ಯಾನೆ, ಸುಮ್ನೆ ನೋಡು" ಎಂದ ಇನ್ನೊಬ್ಬ. ಟೆಂಟಿಗೆ ಟೆಂಟೇ ನಕ್ಕಿತು.

ನಾನು ನಗಲಿಲ್ಲ. ಆಟದ ಮೊದಲು ತೋರಿಸಿದ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಹದಿನಾರು ಎಂದೇ ಇತ್ತು. ಭಾನುವಾರ ಮತ್ತೆ ಹೋದೆ, ಹದಿನೈದು. ಬುಧವಾರ ಮತ್ತೆ ಹೋದೆ, ಹದಿನೈದು. ಗುರುವಾರ ಅವನು ಹ್ಯಾಂಡ್‌ಬಿಲ್ಲಿನ ಬಾಕಿ ಕೊಡಲು ಪ್ರೆಸ್ಸಿಗೆ ಬಂದಾಗ ನೇರವಾಗಿ ಕೇಳಿದೆ, "ಹನ್ನೆರಡನೇ ರೀಲು ಎಲ್ಲೈತೆ?"

ಅವನು ತಿರುಗಿ ಅಕ್ಕನ ಕಡೆ ನೋಡಿದ. ಆಮೇಲೆ ನಕ್ಕ. "ನಿಮ್ಮ ಲೆಕ್ಕ ತಪ್ಪೈತೆ ಶಾನುಭೋಗರೇ. ಹದಿನಾರೂ ಅದಾವೆ. ನೀವು ನಡುವೆ ತೂಕಡಿಸಿರಬೇಕು."

ಅಪ್ಪನೂ ನಕ್ಕರು, ಅಕ್ಕನೂ ನಕ್ಕಳು. ನನ್ನ ಲೆಕ್ಕ ತಪ್ಪು ಎಂದು ಅದುವರೆಗೆ ಯಾರೂ ಅಂದಿರಲಿಲ್ಲ.

ಆ ವಾರದ ಕೊನೆಗೆ ಬಟ್ಟೆ ಒಗೆಯಲು ಹೊಳೆಗೆ ಹೋದಾಗ ಅಕ್ಕ ಎಲ್ಲವನ್ನೂ ಹೇಳಿದಳು. ಎಲ್ಲವನ್ನೂ ಅಂದರೆ, ನಾನು ತಿಳಿಯಬಹುದಾದಷ್ಟನ್ನು. ಅವನ ಜಾತಿ ಬೇರೆ, ಅಪ್ಪ ಒಪ್ಪುವ ಮಾತಿಲ್ಲ. ನ್ಯಾಮತಿಯ ಆಟ ಮುಗಿದ ಮಾರನೇ ದಿನ ಅವನು ಕೆಲಸ ಬಿಡುತ್ತಾನೆ. ಅವಳು ನ್ಯಾಮತಿಯ ಗೆಳತಿಯನ್ನು ನೋಡುವ ನೆಪದಲ್ಲಿ ಹೋಗುತ್ತಾಳೆ, ಇಬ್ಬರೂ ಅಲ್ಲಿಂದಲೇ ಶಿವಮೊಗ್ಗದ ಬಸ್ಸು ಹತ್ತುತ್ತಾರೆ.

"ಈಗಲೇ ಬಿಟ್ಟು ಹೋಗಾಕೆ ಏನ್ ಧಾಡಿ?" ಎಂದೆ.

"ಸಾಹುಕಾರ ಬಿಡಬೇಕಲ್ಲ. ನ್ಯಾಮತಿದೊಂದು ಮುಗಿಸು, ಆಮ್ಯಾಲೆ ನಿನ್ನ ದಾರಿ ನಿಂದು ಅಂದಾನೆ."

"ಏನ್ ಮುಗಿಸಾಕೆ?"

"ಕೇಳಬ್ಯಾಡ." ಸೀರೆ ಹಿಂಡಿ ನನ್ನ ಹೆಗಲ ಮೇಲೆ ಹಾಕಿದಳು. "ಅದಿರಲಿ, ಆ ಪಿಚ್ಚರ್‌ನಾಗೆ ಅವನು ಗೋಡೌನಿಂದ ಹೆಂಗೆ ಬಿಡಿಸ್ಕಂಡ? ನೀನು ಚನ್ನಗಿರ್ಯಾಗೆ ನೋಡೀಯಲ್ಲ, ಹೇಳು."

ನಾನು ಹೇಳಿದೆ. ಮುದಿ ತಾಯಿ, ತಲೆದಿಂಬು, ಕೀಲಿ. ಅಕ್ಕ ಒಗೆಯುವುದನ್ನು ನಿಲ್ಲಿಸಿ ಕೇಳಿದಳು.

ನವೆಂಬರ್ ೨೮, ಮಂಗಳವಾರ. ನ್ಯಾಮತಿಯ ಹ್ಯಾಂಡ್‌ಬಿಲ್ಲಿನ ಪ್ರೂಫ್ ನನ್ನ ಮುಂದೆ ಬಂತು. ಹೊನ್ನಾಳಿಯದಕ್ಕೆ ಜೋಡಿಸಿದ್ದ ಮೊಳೆಗಳನ್ನೇ ಇಟ್ಟುಕೊಂಡು ಅಪ್ಪ ಊರಿನ ಹೆಸರನ್ನೂ ತಾರೀಖನ್ನೂ ಬದಲಾಯಿಸಿದ್ದರು. ನಡುವಿನ ಸಾಲು ದಪ್ಪ ಅಕ್ಷರದಲ್ಲಿ ಹಾಗೇ ಇತ್ತು: ಒಂದಡಿಯೂ ಕತ್ತರಿಸದ ೧೬ ರೀಲುಗಳ ಭಾರಿ ಚಿತ್ರ. ನಾನು ಆರನ್ನು ಹೊಡೆದು ಪಕ್ಕದಲ್ಲಿ ಐದು ಬರೆದೆ.

"ಖರೇನಾ?" ಎಂದರು ಅಪ್ಪ.

"ಮೂರು ಸಲ ಎಣಿಸೀನಿ."

ಅಪ್ಪ ಇನ್ನೊಂದು ಮಾತು ಕೇಳಲಿಲ್ಲ. ಚಿಮಟದಿಂದ ಆರರ ಮೊಳೆ ಕಿತ್ತು ಐದನ್ನು ಕೂರಿಸಿದರು. ನಾನು ಸಹಿ ಹಾಕಿದೆ. ತಪ್ಪು ತಿದ್ದಿದೆ ಎಂಬ ಸಮಾಧಾನವಷ್ಟೇ ಆಗ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ತೂಕಡಿಸಿದೆ ಅಂದವನಿಗೆ ಉತ್ತರ ಕೊಟ್ಟೆ ಎಂಬ ಖುಷಿಯೂ ಇತ್ತು. ಸಂಜೆ ಅವನು ಬಂದ. ಅಕ್ಕ ಕಟ್ಟುಗಳನ್ನು ಎಣಿಸಿ ಕೊಟ್ಟಳು, ಅವನು ಹುರಿಯಿಂದ ಬಿಗಿದ. ಹತ್ತು ಸಲ ನೋಡಿದ ಹ್ಯಾಂಡ್‌ಬಿಲ್ಲನ್ನು ಹನ್ನೊಂದನೇ ಸಲ ಯಾರೂ ಓದುವುದಿಲ್ಲ. ಅವರಿಬ್ಬರೂ ಓದಲಿಲ್ಲ. ಅವನು ಓದಲಿ ಎಂದು ನಾನು ಅಲ್ಲೇ ನಿಂತು ಕಾಯುತ್ತಿದ್ದೆ.

ಓದಿದವನು ಬೇರೆ. ಡಿಸೆಂಬರ್ ೨, ಶನಿವಾರ ಬೆಳಿಗ್ಗೆ ಸಿನಿಮಾ ಹಂಚಿಕೆದಾರರ ಪ್ರತಿನಿಧಿ ಪ್ರೆಸ್ಸಿಗೆ ಬಂದ. ಪ್ರಿಂಟು ಸರಿಯಾಗಿದೆಯೇ, ಆಟ ಸರಿಯಾಗಿ ನಡೆಯುತ್ತಿದೆಯೇ ಎಂದು ಊರೂರು ತಿರುಗುವ ದಪ್ಪನೆಯ ಮನುಷ್ಯ. ಕೈಯಲ್ಲಿ ನಮ್ಮ ಹ್ಯಾಂಡ್‌ಬಿಲ್ಲು.

"ನಿನ್ನೆ ನ್ಯಾಮತಿ ಬಸ್ ಸ್ಟ್ಯಾಂಡಿನಾಗೆ ಇಳಿದೆ ನೋಡ್ರಿ, ಇದನ್ನ ಕೈಗೆ ತುರುಕಿದ್ರು" ಎಂದ. "ಹದಿನೈದು ಅಂತ ಐತೆ! ನಮ್ಮ ಪಿಚ್ಚರ್ ಹದಿನಾರು. ಈ ಸಾಹುಕಾರ ಒಂದು ರೀಲು ಕತ್ತರಿಸಿ ಎಲ್ಲಿಟ್ಟಾನಪ್ಪ ಅಂತ, ಮೊದಲನೇ ಆಟಕ್ಕೆ ಮುಂಚೆ ಟೆಂಟಿನ ಗೇಟಿನಾಗಿದ್ದ ಪೊಲೀಸ್ನೋನನ್ನ ಕರ್ಕಂಡು ಪೆಟ್ಟಿಗಿ ಬಿಚ್ಚಿಸಿದೆ. ಹನ್ನೆರಡನೇ ಡಬ್ಬ್ಯಾಗೆ ಫಿಲ್ಮೇ ಇಲ್ಲ ಕಣ್ರಿ. ಬರೀ ಗಂಧದ ಚೆಕ್ಕೆ, ಒತ್ತೊತ್ತಿ ತುಂಬ್ಯಾರೆ! ಫಾರೆಸ್ಟ್ ಗೇಟಿನೋರು ಸಿನಿಮಾ ಪೆಟ್ಟಿಗಿ ಅಂತ ಮುಟ್ತಿದ್ದಿಲ್ಲಂತೆ. ಅವರು ಹಿಡೀಲಾರದ್ದನ್ನ ನಿಮ್ಮ ಐದು ಹಿಡೀತು. ಯಾರ್ರೀ ಇದನ್ನ ಹಾಕಿದೋರು?"

"ನನ್ನ ಸಣ್ಣ ಮಗಳ್ರಿ" ಎಂದರು ಅಪ್ಪ. ಎಂದಿನ ಅದೇ ಹೆಮ್ಮೆಯ ದನಿಯಲ್ಲಿ.

ಅಕ್ಕ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡಿದಳು. ಮುಂದೆ ಬಂದು ಒಂದು ಹನಿ ಚೆಲ್ಲದೆ ಮೂರು ಕಪ್ಪುಗಳನ್ನೂ ಮೇಜಿನ ಮೇಲಿಟ್ಟು ಕೇಳಿದಳು, "ಪೆಟ್ಟಿಗಿ ತರೋ ಹುಡುಗನ್ನ ಏನ್ ಮಾಡಿದ್ರು?"

"ಹಾಕ್ಕಂಡು ಹೋದ್ರವ್ವ. ಸಾಹುಕಾರ ಅಲ್ಲೇ ನಿಂತಿದ್ದ. ನನಗೇನ್ ಗೊತ್ತು, ಕೂಲಿಯೋನು, ಏನ್ ತುಂಬ್ತಾನೋ ಏನ್ ತೆಗೀತಾನೋ ಅಂದ. ಆ ಹುಡುಗ ಬಾಯೇ ಬಿಡಲಿಲ್ಲ."

ಹೋಗುವಾಗ ಅವನು ಚೀಲದಿಂದ ೧೯೭೯ರ ಒಂದು ಹೊಸ ಡೈರಿ ತೆಗೆದು ನನ್ನ ಕೈಗಿಟ್ಟ. "ಹಿಂಗೇ ಬರೀತಾ ಇರವ್ವ" ಎಂದ. ನಾನು ತೆಗೆದುಕೊಂಡೆ. ಆ ವರ್ಷ ಪೂರ್ತಿ ಅದರಲ್ಲೇ ಬರೆದೆ.

ಅಕ್ಕ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಮಧ್ಯಾಹ್ನದವರೆಗೆ ಕಾದೆ. ಅವಳು ಬಂದು ಪಕ್ಕದಲ್ಲಿ ಕೂತು, "ಆ ಹನ್ನೆರಡನೇ ರೀಲು ಇನ್ನೊಂದ್ಸಲ ಹೇಳು" ಎಂದಳಷ್ಟೆ. ನಾನು ಡೈರಿಯಲ್ಲಿ ಅಕ್ಟೋಬರ್ ೧೪ರ ಪುಟ ತೆರೆದು ಓದಿದೆ. ಹುಡುಗಿ ಬಂಗಲೆಗೆ ಹೋದದ್ದು, ಮುದುಕಿ ಏನು ಕೇಳಿದಳು, ಇವಳು ಏನು ಹೇಳಿದಳು, ಎಲ್ಲ ಇತ್ತು.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ನಾವಿಬ್ಬರೂ ಸಾಹುಕಾರನ ಮನೆಯಲ್ಲಿದ್ದೆವು. ಅವನ ತಾಯಿ ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿತ್ತು. ಹಣೆ ತುಂಬ ವಿಭೂತಿ, ಶಾಂತವಾದ ಮುಖ. ನನಗೂ ಧೈರ್ಯ ಬಂತು. ಅಕ್ಕ ಕಾಲು ಹಿಡಿದು ಎಲ್ಲವನ್ನೂ ಹೇಳಿದಳು. ಅವನು ಯಾರು, ತನಗೆ ಏನಾಗಬೇಕು, ಚೆಕ್ಕೆ ಯಾರದು, ತುಂಬಿಸಿದ್ದು ಯಾರು. "ನಿಮ್ಮ ಮಗನಿಗೆ ನೀವು ಒಂದು ಮಾತು ಹೇಳ್ರಿ ಅಮ್ಮ. ಅವನು ಬರೇ ಹೊತ್ಕಂಡು ಹೋದೋನು."

ಮುದುಕಿ ಮಧ್ಯೆ ಬಾಯಿ ಹಾಕದೆ ಕೇಳಿತು. "ಏಳವ್ವ, ಏಳು. ಯಾರ ಮಗಳು ನೀನು? ಪ್ರೆಸ್ಸಿನೋರಾ? ನಮ್ಮೋರೇ ಹಂಗಾರೆ." ಒಳಗಿನಿಂದ ಎರಡು ತಟ್ಟೆ ಒಗ್ಗರಣೆ ಮಂಡಕ್ಕಿ ತರಿಸಿತು. ನಾನು ತಿಂದೆ. ನಾವು ತಿನ್ನುವಷ್ಟರಲ್ಲಿ ಆಳು ಹೋಗಿ ಅಪ್ಪನನ್ನು ಕರೆತಂದಿದ್ದ.

"ನೋಡಪ್ಪ" ಎಂದಿತು ಮುದುಕಿ, ಅಷ್ಟೇ ಮೆತ್ತಗೆ. "ಹುಡುಗಿ ಕೇಸಿನ ಮಾತೆಲ್ಲ ಆಡ್ತೈತೆ. ಪೊಲೀಸ್ರ ಕಿವಿಗೆ ಬಿದ್ರೆ ಇವಳ ಹೆಸರೂ ಬರ್ಕಂತಾರೆ. ಮರ್ಯಾದಸ್ತರು ನೀವು. ಜಗಳೂರಾಗೆ ನಮ್ಮ ಕಡೆಯೋರು ಒಬ್ರು ಅದಾರೆ, ಹೆಣ್ಣು ನೋಡ್ತಿದಾರೆ. ನಾನು ಹೇಳಿ ಕಳಿಸ್ತೀನಿ."

ಅಪ್ಪ ಕೈ ಮುಗಿದರು.

ಫೆಬ್ರವರಿಯಲ್ಲಿ ಮದುವೆಯಾಯಿತು. ಲಗ್ನಪತ್ರಿಕೆ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಯಿತು, ಪ್ರೂಫ್ ನಾನೇ ನೋಡಿದೆ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಪೆಟ್ಟಿಗೆಯವನಿಗೆ ಜೈಲಾಯಿತು, ಸಾಹುಕಾರನನ್ನು ಯಾರೂ ಏನೂ ಕೇಳಲಿಲ್ಲ. ಹೊಸ ಹುಡುಗನೊಬ್ಬ ಪೆಟ್ಟಿಗೆ ತರತೊಡಗಿದ. ಅಪ್ಪ ಆ ಎರಡು ಟೆಂಟುಗಳ ಹ್ಯಾಂಡ್‌ಬಿಲ್ಲುಗಳನ್ನು ಹೊಡೆಯುತ್ತಲೇ ಹೋದರು, ನಾನು ಸಹಿ ಹಾಕುತ್ತಲೇ ಹೋದೆ. ರೀಲಿನ ಸಾಲನ್ನು ಮಾತ್ರ ಅಪ್ಪ ಎಂದೂ ಹಾಕಲಿಲ್ಲ.

೧೯೮೨ರಲ್ಲಿ ಒಂದು ದಿನ ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ. ಖಾಸಗಿ ಬಸ್ಸಿಗೆ ಜನರನ್ನು ಕೂಗಿ ಹತ್ತಿಸುತ್ತಿದ್ದ. ಮುಂದಿನ ಎರಡು ಹಲ್ಲು ಇರಲಿಲ್ಲ. ನನ್ನ ಗುರುತು ಹತ್ತಿದ್ದು ಅವನಿಗೇ ಮೊದಲು.

"ಏನ್ರೀ ಶಾನುಭೋಗರೇ, ನಿಮ್ಮಪ್ಪ ಇನ್ನೂ ಹ್ಯಾಂಡ್‌ಬಿಲ್ ಹೊಡೀತಾರಾ?"

"ಹೂಂ."

"ನಿಮ್ಮ ಲೆಕ್ಕ ಸರಿ ಇತ್ತು ಬಿಡ್ರಿ" ಎಂದ. "ತಪ್ಪು ಅಂದಿದ್ದು ನಾನೇ."

ಅಕ್ಕನ ಬಗ್ಗೆ ಅವನು ಕೇಳುತ್ತಾನೆಂದು ಕಾದೆ. ಕೇಳಲಿಲ್ಲ. "ಹೊನ್ನಾಳಿ, ಹೊನ್ನಾಳಿ" ಎಂದು ಕೂಗುತ್ತಾ ಬಸ್ಸಿನ ಹಿಂದಿನ ಬಾಗಿಲ ಕಡೆ ಹೋದ. ಅವನು ಹೊರಬಂದ ದಿನ ಜೈಲಿನ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ ಎನ್ನುವುದನ್ನು ನಾನು ಯಾರನ್ನೂ ಕೇಳಿ ತಿಳಿಯಬೇಕಾಗಿರಲಿಲ್ಲ. ಆ ಹೊತ್ತಿಗೆ ಜಗಳೂರಿನಲ್ಲಿ ಅಕ್ಕನಿಗೆ ಎರಡನೇ ಮಗುವಾಗಿತ್ತು.

ಜಗಳೂರಿನ ಮನೆಗೆ ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ಎರಡು ಬಸ್ಸು ಬದಲಾಯಿಸಬೇಕು. ಭಾವ ಕೆಟ್ಟವನಲ್ಲ. ಕುರಿ ವ್ಯಾಪಾರ, ಕಡಲೆಕಾಯಿ ವ್ಯಾಪಾರ, ಮನೆಯಲ್ಲಿ ಮಾತು ಕಡಿಮೆ. ಅಕ್ಕನೂ ಕಡಿಮೆ ಮಾತಾಡುತ್ತಾಳೆ. ಮದುವೆಯಾದ ಮೊದಲ ಐದು ವರ್ಷಗಳಲ್ಲಿ ಅವಳು ಹ್ಯಾಂಡ್‌ಬಿಲ್ಲಿನ ಸುದ್ದಿ ಎತ್ತಿದ್ದು ಸೊನ್ನೆ ಸಲ. ನಾನು ಎತ್ತಿದ್ದೂ ಸೊನ್ನೆ ಸಲ.

೧೯೮೪ರ ಮೇ ೬, ಭಾನುವಾರ. ಅಕ್ಕನ ದೊಡ್ಡ ಮಗ ಬೀದಿಯಿಂದ ಒಂದು ಹ್ಯಾಂಡ್‌ಬಿಲ್ಲು ಹಿಡಿದು ಓಡಿಬಂದ. ಅದೇ ಸಿನಿಮಾ ಜಗಳೂರಿನ ಟಾಕೀಸಿಗೆ ಬಂದಿತ್ತು. ಬೇರೆ ಯಾವುದೋ ಪ್ರೆಸ್ಸಿನ ಹ್ಯಾಂಡ್‌ಬಿಲ್ಲು, ಶಾಯಿ ಕೈಗೆ ಅಂಟುತ್ತಿತ್ತು. ಒಂದಡಿಯೂ ಕತ್ತರಿಸದ ೧೬ ರೀಲುಗಳು ಎಂದಿತ್ತು. ಅಕ್ಕ ಅದನ್ನು ಓದಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಮ್ಯಾಟಿನಿಗೆ ಹೋಗಾಣ ನಡಿ" ಎಂದಳು.

ಅದೇ ಹಳೇ ಪ್ರಿಂಟು, ಸವೆದು ತೆರೆಯ ತುಂಬ ಗೀರು ಮಳೆಯಂತೆ ಸುರಿಯುತ್ತಿತ್ತು. ಗೋಡೌನಿನಲ್ಲಿ ಹುಡುಗನ ಕೈ ಕಟ್ಟಿದರು. ಮರುಕ್ಷಣ ಅವನು ರೈಲಿನಲ್ಲಿ ಕಡಲೆಕಾಯಿ ತಿನ್ನುತ್ತಿದ್ದ. ಕಳೆದುಹೋದ ರೀಲು ಎಲ್ಲಿ ಬಿದ್ದಿತ್ತೋ, ಅಲ್ಲೇ ಬಿದ್ದಿತ್ತು. ಜಗಳೂರಿನಲ್ಲಿ ಯಾರೂ ಕೂಗಲಿಲ್ಲ, ನಗಲೂ ಇಲ್ಲ. ಕತ್ತಲಲ್ಲಿ ನಾನು ಅಕ್ಕನ ಕಡೆ ನೋಡಿದೆ. ಅವಳು ತೆರೆಯನ್ನೇ ನೋಡುತ್ತಿದ್ದಳು. ಕೊನೆಗೆ ಜೈಲಿನ ಬಾಗಿಲು ತೆರೆಯುವ ಮೊದಲೇ, "ಮಕ್ಕಳು ಹಸಿದಿರ್ತಾವೆ" ಎಂದು ಎದ್ದಳು.

ಮನೆಗೆ ಬಂದು ನಾನು ಡೈರಿ ತೆಗೆದೆ. ಅಕ್ಕ ಒಲೆ ಹಚ್ಚುವುದನ್ನು ಬಿಟ್ಟು ಬಂದು ತಲೆಯ ಮೇಲೆ ನಿಂತಳು.

"ಎಷ್ಟು ಬರ್ಕಂತಿ?"

"ಹದಿನೈದು."

"ಹದಿನಾರು ಅಂತ ಬರಿ."

"ಇಲ್ಲದ್ದನ್ನ ಹೆಂಗೆ ಬರೀಲಿ ಅಕ್ಕ?"

"ಇಲ್ಲ ಅನ್ನೋದು ನನಗೂ ಗೊತ್ತೈತೆ. ಅವತ್ತೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಾಗ್ಬೇಕು ಅಂತ ಅನ್ಸಿದ್ದು ನಿನಗೊಬ್ಬಳಿಗೇ." ದನಿ ಏರಲಿಲ್ಲ. "ಹದಿನಾರು ಅಂತ ಬರಿ. ನಾನು ನೋಡ್ಬೇಕು."

ಬರೆದೆ. ತಾರೀಖು, ಜಗಳೂರು, ಹಾಡು ಐದು, ಹೊಡೆದಾಟ ಏಳು, ಸತ್ತವರು ನಾಲ್ಕು, ರೀಲು ಹದಿನಾರು. ಅಕ್ಕ ಬಗ್ಗಿ ಓದಿದಳು. ಬೆರಳಿನಿಂದ ಆ ಅಂಕಿಯನ್ನು ಒಮ್ಮೆ ಮುಟ್ಟಿದಳು.

"ನೋಡು, ಬರ್ಯಾಕೆ ಬರ್ತಿತ್ತು ನಿನಗೆ" ಎಂದು ಒಲೆಯ ಕಡೆ ಹೋದಳು.